ಊತ್ತು ಸಿಗಲಿಲ್ಲ

ಪಾಂಡೀಶ್ವರಿಯ ಕಂಪ್ಯೂಟರ್ ಪ್ರೋಗ್ರಾಂ ಓಡಬೇಕಾದರೆ ಮೊದಲು ಇನ್ನೊಂದು ಪ್ಯಾಕೇಜು ಬೇಕಿತ್ತು. ಅದನ್ನು ಹಾಕಲು ಹೋದರೆ ಮತ್ತೊಂದು ಇದೆಯೇ ಎಂದು ಅದು ಕೇಳಿತು. ಮತ್ತೊಂದೇನೋ ಇತ್ತು, ಆದರೆ ಅದು ಹೊಸದು. ಇದಕ್ಕೆ ಹಳೆಯದೇ ಆಗಬೇಕಂತೆ. ಹಳೆಯದನ್ನು ಎಲ್ಲಿಂದಲೋ ಹುಡುಕಿ ತಂದು ಹಾಕಿದರೆ, ಅಲ್ಲಿಯವರೆಗೆ ತೆಪ್ಪಗಿದ್ದ ಮೊದಲನೆಯದು ಮುನಿಸಿಕೊಂಡಿತು. ಅವಳ ಕುಲದಲ್ಲಿ ಮದುವೆಗೆ ವೀಳ್ಯ ಕೊಡಲು ಹೊರಟರೂ ಹೀಗೇ. ಸೋದರಮಾವ ಬಾಗಿಲಲ್ಲೇ ನಿಂತು, ದೊಡ್ಡ ಮನೆಗೆ ಹೋಗಿಬಂದಿರಾ ಎನ್ನುತ್ತಾನೆ. ದೊಡ್ಡ ಮನೆಯವರು, ಊರಗೌಡನಿಗೆ ಹೇಳಿದಿರಾ ಎನ್ನುತ್ತಾರೆ. ಊರಗೌಡ ಎಲ್ಲ ಕೇಳಿಸಿಕೊಂಡು, ಸೋದರಮಾವ ಒಪ್ಪಿದನಾ ಎನ್ನುತ್ತಾನೆ. ಅಲ್ಲಿಯಾದರೂ ಕೊನೆಗೆ ಎಲ್ಲರೂ ಬಂದು ಉಂಡು ಹೋಗುತ್ತಾರೆ. ಇಲ್ಲಿ ಒಬ್ಬರೂ ಬಾಗಿಲು ದಾಟುವಂತೆ ಕಾಣಲಿಲ್ಲ.

ಅದೇನೂ ಲೋಕ ಗೆಲ್ಲುವ ಪ್ರೋಗ್ರಾಂ ಅಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಮಳೆ ಬಿದ್ದರೆ, ಕಾಲುವೆಗೆ ನೀರು ಬಿಟ್ಟರೆ, ಕೆರೆ ತುಂಬಿದರೆ, ಆ ನೀರು ನೆಲದೊಳಗೆ ಹೇಗೆ ಇಳಿಯುತ್ತದೆ, ಯಾವ ಊರಿನ ಬಾವಿಯನ್ನು ಯಾವಾಗ ಮುಟ್ಟುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ. ಪಾಂಡೀಶ್ವರಿ ದಿಂಡಿಗಲ್ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಅದರ ಹಿಂದೆ ಬಿದ್ದು ಪ್ರಬಂಧ ಬರೆದಿದ್ದಳು. ಪ್ರಬಂಧ ಓದಿದ ಪರೀಕ್ಷಕರು ಮನಸ್ಸು ಬಿಚ್ಚಿ ಹೊಗಳಿ, ಕೊನೆಯಲ್ಲೊಂದು ಕೊಕ್ಕೆ ಹಾಕಿದ್ದರು. ಮಳೆ ಕಡಿಮೆಯಾದ ವರ್ಷದ ಅಂಕಿಗಳನ್ನು ಕೊಟ್ಟು ಇನ್ನೊಂದು ಸಲ ಓಡಿಸಿ ಫಲಿತಾಂಶ ಸೇರಿಸಬೇಕು, ಅಷ್ಟಾದರೆ ಪದವಿ. ಆಗಸ್ಟ್ ನಡುವಿಗೆ ಆಡಿ ತಿಂಗಳು ಮುಗಿಯುತ್ತದೆ, ಅಷ್ಟರೊಳಗೆ ಕೊಡಬೇಕು. ಕೇಳಬಹುದಾದ ಅವಧಿಯನ್ನೆಲ್ಲ ಅವಳು ಆಗಲೇ ಕೇಳಿ ಪಡೆದಾಗಿತ್ತು. ಈ ಸಲ ತಪ್ಪಿದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಆಫೀಸಿನವರು ಮುಖಕ್ಕೇ ಹೇಳಿದ್ದರು.

ಒಂದು ಸಲ ಓಡಿಸುವುದು ಎಷ್ಟರ ಕೆಲಸ? ಬೆಳಗ್ಗೆ ಹಚ್ಚಿಟ್ಟು ಕ್ಯಾಂಟೀನಿಗೆ ಹೋಗಿ ಬಂದರೆ ಮುಗಿದಿರುತ್ತಿತ್ತು. ಆದರೆ ಬೇಸಿಗೆಯಲ್ಲಿ, ಚಿತ್ತಿರೈ ತಿಂಗಳ ಒಂದು ಗುಡುಗು ಸಿಡಿಲಿನ ಮಳೆಗೆ ಲ್ಯಾಬಿನ ಸರ್ವರು ಸುಟ್ಟು ಕೂತಿತ್ತು. ಡಿಸ್ಕಿನಿಂದ ಒಂದಕ್ಷರವೂ ಈಚೆ ಬರಲಿಲ್ಲ. ವಿಭಾಗದವರು ಹೊಸ ಯಂತ್ರ ತರಿಸಿಕೊಟ್ಟರು. ಥಳಥಳ ಹೊಳೆಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ಪ್ರೋಗ್ರಾಮಿನ ಮೂಲ ಪ್ರತಿ ಅವಳ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು, ನಿಜ. ಆದರೆ ಆ ಪ್ರೋಗ್ರಾಂ ಯಾವ ಯಾವ ಪ್ಯಾಕೇಜುಗಳ ಹೆಗಲ ಮೇಲೆ ಕೂತಿತ್ತೋ ಅವುಗಳನ್ನು ಅವಳು ಎಂದೂ ಹಾಕಿದವಳಲ್ಲ. ಅವಳು ಲ್ಯಾಬಿಗೆ ಬರುವ ಹೊತ್ತಿಗೇ ಅವೆಲ್ಲ ಇದ್ದವು.

ಹಟ ಹಿಡಿದು ಕೂತಳು. ನಕ್ಷೆ ಓದುವ ಪ್ಯಾಕೇಜು ಬಂತು. ಅಂಕಿಗಳನ್ನು ಒತ್ತಿ ಚಿಕ್ಕದು ಮಾಡಿ ಇಡುವುದು ಬಂತು. ಹಳೆಯ ಫೋರ್ಟ್ರಾನ್ ಭಾಷೆಯನ್ನು ಯಂತ್ರಕ್ಕೆ ತಿಳಿಸಿ ಹೇಳುವ ಕಂಪೈಲರು ಒಂದು ವಾರ ಕಾಡಿಸಿ, ಇನ್ನು ಆಗುವುದಿಲ್ಲ ಎಂದು ಕೈಚೆಲ್ಲುವ ಹೊತ್ತಿಗೆ ತಾನಾಗಿ ಬಂದು ಕೂತಿತು. ಒಂದೊಂದೂ ಬಂದ ದಿನ ಊರು ಗೆದ್ದಷ್ಟು ಖುಷಿಪಟ್ಟಳು. ಕೊನೆಗೆ ಒಂದೇ ಒಂದು ಉಳಿಯಿತು. ಟರ್ಮಿನಲ್ಲಿನಲ್ಲಿ ಕೊಟ್ಟ ಆಜ್ಞೆ ಸರಸರ ಸಾಲು ಸಾಲಾಗಿ ಮುಂದೆ ಹೋಗಿ, ಕಟ್ಟಕಡೆಗೆ ಒಂದೇ ಮಾತು ಹೇಳಿ ನಿಂತುಬಿಡುತ್ತಿತ್ತು: ಊತ್ತು ಸಿಗಲಿಲ್ಲ.

ಊತ್ತು ಎಂದರೆ ತಮಿಳಿನಲ್ಲಿ ನೀರಿನ ಊಟೆ, ಒರತೆ. ನೀರು ಯಾವ ಮಣ್ಣಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂದು ಲೆಕ್ಕ ಮಾಡುವ ಭಾಗ ಅದು, ಇಡೀ ಪ್ರೋಗ್ರಾಮಿನ ಕರುಳು. ಇಂಟರ್ನೆಟ್ಟನ್ನೆಲ್ಲ ಜಾಲಾಡಿದರೂ ಆ ಹೆಸರಿನ ಪ್ಯಾಕೇಜು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದನ್ನು ಬರೆದವರು ಅವಳ ಗೈಡ್ ಲಕ್ಷ್ಮಣನ್ ಸಾರ್. ಇಪ್ಪತ್ತು ವರ್ಷ ಕಣಿವೆಯ ಬಾವಿಗಳಿಗೆ ಹಗ್ಗ ಇಳಿಸಿ ಅಳೆದು, ಮಣ್ಣು ಮಣ್ಣಿಗೆ ಒಂದೊಂದು ಅಂಕಿ ಹೊಂದಿಸಿ, ಮನೆಯಲ್ಲಿ ತಮ್ಮ ಕಂಪ್ಯೂಟರಿನಲ್ಲಿ ಬರೆದು, ಲ್ಯಾಬಿಗೆ ತಂದು ತಾವೇ ಕೂತು ಹಾಕಿದ್ದರು. ಸಾರ್, ಒಂದು ಪ್ರತಿ ನನಗೂ ಕೊಡಿ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಲಕ್ಷ್ಮಣನ್ ಸಾರ್ ಎಂದರೆ ಗುಡುಗು. ಲೆಕ್ಕದಲ್ಲಿ ಒಂದು ಸೊನ್ನೆ ಅತ್ತಿತ್ತ ಆದರೆ ಕಾಗದವನ್ನು ಕಿಟಕಿಯಿಂದ ಆಚೆ ಬಿಸಾಕುತ್ತಿದ್ದರು. ವಿದ್ಯಾರ್ಥಿಗಳು ಬೇವಿನ ಮರದಡಿ ಹೋಗಿ ಆರಿಸಿಕೊಂಡು ಬರುತ್ತಿದ್ದರು. ಅವರ ಬಾಯಿಂದ 'ಸರಿ' ಎಂಬ ಮಾತು ಬಂದ ದಿನ ಲ್ಯಾಬಿನಲ್ಲಿ ಎಲ್ಲರಿಗೂ ಟೀ ಕೊಡಿಸುವುದು ರೂಢಿ. ಪಾಂಡೀಶ್ವರಿ ಆರು ವರ್ಷದಲ್ಲಿ ಟೀ ಕೊಡಿಸಿದ್ದು ಬೆರಳೆಣಿಕೆಯಷ್ಟು ಸಲ. ಅವರು ಸರಿ ಎಂದರೆ ಮತ್ತೆ ಅದನ್ನು ಪರೀಕ್ಷಿಸಬೇಕಾಗಿರಲಿಲ್ಲ, ಕಲ್ಲಿನ ಮೇಲೆ ಕೊರೆದ ಹಾಗೆ.

ಆ ಮನುಷ್ಯನಿಗೆ ಹೋದ ವರ್ಷ ದೀಪಾವಳಿಯ ಹೊತ್ತಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋಯಿತು. ಜೀವ ಉಳಿಯಿತು. ಮಾತೂ ಉಳಿಯಿತು ಎಂದರು, ಆದರೆ ಹೇಗೆ ಉಳಿಯಿತು ಎಂಬುದು ಪಾಂಡೀಶ್ವರಿಗೆ ತಿಳಿದದ್ದು ಊತ್ತು ಕೇಳಿಕೊಂಡು ಕಾಮಯಗೌಂಡನ್‌ಪಟ್ಟಿಯ ಅವರ ಮನೆಗೆ ಹೋದ ದಿನ.

ಬಾಗಿಲು ತೆಗೆದವರು ಸಾರ್ ಹೆಂಡತಿ ಪೊನ್ನುತಾಯಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬಾ ತಾಯಿ, ಒಳಕ್ ಬಾ. ಬಿಸಿಲಾಗೆ ಬಂದೀಯೆ" ಎಂದರು. ಪಾಂಡೀಶ್ವರಿ ವಣಕ್ಕಂ ಹೇಳಿ ತಮಿಳಿನಲ್ಲಿ ಮಾತು ಶುರು ಮಾಡಿದಳು. ಪೊನ್ನುತಾಯಿ ತಲೆ ಅಲ್ಲಾಡಿಸಿದರು.

"ಅವರ ಹತ್ರ ತಮಿಳು ನಡೆಯಾದಿಲ್ಲ ನನ್ನ ಕಣ್ಣು. ಇಂಗ್ಲೀಷೂ ಇಲ್ಲ. ಎಲ್ಲಾ ಅಳಿದೋಗದೆ. ನಮ್ಮನೆ ಮಾತೊಂದೇ ನಿಂತದೆ. ಮದುರೈ ಆಸ್ಪತ್ರೀಲಿ ಡಾಕ್ಟ್ರು ಒಂದ್ ಕೇಳ್ದರೆ ಇವರು ಕನ್ನಡದಾಗೆ ಬದಲು ಹೇಳಾದು. ಅವರಿಗೆ ಒಂದೂ ಪುರೀಲಿಲ್ಲ, ತಿಳೀಲಿಲ್ಲ. ನಾನೇ ನಡುವೆ ನಿಂತು ಹೇಳ್ದೆ. ನೀನು ಕೊಂಬೈ ಹುಡುಗಿ ತಾನೆ? ನಮ್ಮ ಮಾತು ಬತ್ತದಲ್ಲ?"

ಬರುತ್ತಿತ್ತು, ಕಿವಿಗೆ. ಅವರದು ತಲೆಮಾರುಗಳ ಹಿಂದೆ ಕಣಿವೆಗೆ ಬಂದು ನೆಲೆಸಿದ ಕನ್ನಡದ ಕುಲ. ಕೊಂಬೈಯ ಮನೆಯಲ್ಲಿ ಅಜ್ಜಿ ಪಳನಿಯಮ್ಮಾಳ್ ಬದುಕಿರುವ ತನಕ ಆ ಮಾತಿನಲ್ಲೇ ಬೈದು, ಅದರಲ್ಲೇ ಮುದ್ದು ಮಾಡಿ, ಅದರಲ್ಲೇ ಉಣ್ಣಲು ಕರೆದಿದ್ದಳು. ಮೊಮ್ಮಗಳು ಎಲ್ಲಕ್ಕೂ ತಮಿಳಿನಲ್ಲಿ ಉತ್ತರ ಕೊಟ್ಟಿದ್ದಳು. ಇನ್ನು ಸಾರ್? ಸೇರಿದ ಮೊದಲ ದಿನ ಯಾವ ಊರು ಎಂದು ಕೇಳಿದ್ದರು. ಕೊಂಬೈ ಎಂದಾಗ ಒಂದು ಕ್ಷಣ ಅವಳ ಮುಖ ನೋಡಿ, ಮತ್ತೆ ಇಂಗ್ಲಿಷಿಗೆ ಹೊರಳಿದ್ದರು. ನಮ್ಮವಳು ಎಂದು ಸಲಿಗೆ ಕೊಟ್ಟರೆಂದು ಯಾರೂ ಆಡಿಕೊಳ್ಳಬಾರದು, ಅಷ್ಟೇ. ಆರು ವರ್ಷ ಇಬ್ಬರೂ ಒಂದೇ ಮಾತನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಬೇರೆ ಎರಡು ಭಾಷೆಗಳಲ್ಲಿ ಜಗಳವಾಡಿದ್ದರು. ಈಗ ಉಳಿದದ್ದು ಆ ಒಂದೇ, ಅದೂ ಅವಳಿಗೆ ನೆಟ್ಟಗೆ ಬಾರದ್ದು.

ಸಾರ್ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅವಳನ್ನು ಕಂಡು ಮುಖ ಅರಳಿತು. ಅವರು ನಗುವುದನ್ನು ಪಾಂಡೀಶ್ವರಿ ನೋಡಿದ್ದು ಅದೇ ಮೊದಲು. ಅವಳಿಗೆ ಹೆದರಿಕೆಯೇ ಆಯಿತು.

"ಬಂದ್ಯಾ ತಾಯಿ" ಎಂದರು. "ಕುಂತ್ಕೊ."

ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಓದಲು ಆಗುವುದಿಲ್ಲ ಎಂದು ಕಣ್ಣಲ್ಲೇ ತಿಳಿಯಿತು. "ಸಾರ್... ಊತ್ತು... ಅದು ಎಲ್ಲಿ ಅದೆ?" ಎಂದಳು. ಇಷ್ಟು ಹೇಳುವುದರೊಳಗೆ ಅವಳ ಹಣೆ ಬೆವರಿತ್ತು.

"ಊಟೆಯಾ? ನಾನು ಬರೆದದ್ದು ತಾನೆ? ಇಲ್ಲೇ ಅದೆ. ಕರೀ ಪೆಟ್ಟೀಲಿ. ಅಟ್ಟದ ಮ್ಯಾಲೆ."

ಪಾಂಡೀಶ್ವರಿಯ ಎದೆಯೊಳಗೆ ದೀಪ ಹಚ್ಚಿದ ಹಾಗಾಯಿತು. ಕಪ್ಪು ಪೆಟ್ಟಿಗೆ ಎಂದರೆ ಅವರ ಹಳೆಯ ಕಂಪ್ಯೂಟರು. ಅಟ್ಟ ಹತ್ತಲು ಏಣಿ ಎಲ್ಲಿದೆ ಎಂದು ಪೊನ್ನುತಾಯಿಯ ಕಡೆ ತಿರುಗಿದಳು. ಪೊನ್ನುತಾಯಿ ಕಣ್ಸನ್ನೆ ಮಾಡಿ ಅವಳನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು. ಅವರ ಮುಖ ಬಿಳಿಚಿಕೊಂಡಿತ್ತು.

ಪೊಂಗಲ್ ಹಬ್ಬಕ್ಕೆ ಮುಂಚೆ ಸುಣ್ಣ ಹೊಡೆಸಿ ಮನೆಯ ಹಳೆಯದನ್ನೆಲ್ಲ ಈಚೆ ಹಾಕುವುದು ವಾಡಿಕೆ. ಈ ಸಲ ಮನೆಯಲ್ಲಿ ರೋಗಿ ಬೇರೆ. ಓಡದ ಗಡಿಯಾರ, ಉರಿಯದ ದೀಪ, ಕೆಟ್ಟ ಯಂತ್ರ ಇಂಥ ಮನೆಯಲ್ಲಿ ಒಂದೂ ಇರಬಾರದು, ಇದ್ದರೆ ಮನುಷ್ಯ ಮೇಲಕ್ಕೇಳುವುದಿಲ್ಲ ಎಂದು ನೋಡಲು ಬಂದ ನೆಂಟರೆಲ್ಲ ಹೇಳಿಹೋಗಿದ್ದರು. ಅಟ್ಟದ ಮೇಲಿನ ಕಂಪ್ಯೂಟರು ವರ್ಷದಿಂದ ಯಾರೂ ಮುಟ್ಟದೆ ಬಿದ್ದಿತ್ತು. ಬೀದಿಯಲ್ಲಿ ಹಳೇ ಕಬ್ಬಿಣದ ವೇಲು ತಳ್ಳುಗಾಡಿ ತಂದಾಗ ಪೊನ್ನುತಾಯಿ ಅದನ್ನೂ, ಓಡದ ಎರಡು ಫ್ಯಾನುಗಳನ್ನೂ ಕೊಟ್ಟರು. ಬದಲಿಗೆ ಏನು ಬೇಕು ಎಂದು ಅವನು ಗಾಡಿಯ ಪ್ಲಾಸ್ಟಿಕ್ ಸಾಮಾನುಗಳನ್ನು ತೋರಿಸಿದ. ಅವರು ಒಂದು ಅಗಲವಾದ ನೀಲಿ ಬೇಸಿನ್ ಆರಿಸಿಕೊಂಡರು.

"ಅವರ ಮೈ ಒರೆಸೋಕೆ ಒಂದ್ ಬೇಸಿನ್ ಬೇಕಾಗಿತ್ತು ತಾಯಿ. ಬೇರೆ ಏನೂ ನನ್ನ ತಲ್ಯಾಗೆ ಇರಲಿಲ್ಲ" ಎಂದರು ಪೊನ್ನುತಾಯಿ. "ಅದರೊಳಗೆ ಅವರ ಉಸಿರು ಅದೆ ಅಂತ ನನಗೆ ಯಾರು ಹೇಳ್ದರು? ದೊಡ್ಡವರೆಲ್ಲ ಕೊಡು ಅಂದ್ರು, ಕೊಟ್ಟೆ. ಅವರಿಗೆ ಮಾತ್ರ ಹೇಳಬೇಡ ಕಣ್ಣು. ಗೊತ್ತಾದ್ರೆ ನನ್ನ ಸೀಳಿಬಿಡ್ತಾರೆ."

ಬೇಸಿನ್ ಅಲ್ಲೇ ಬಚ್ಚಲ ಗೋಡೆಗೆ ಒರಗಿಕೊಂಡು ಒಣಗುತ್ತಿತ್ತು. ಪಾಂಡೀಶ್ವರಿ ಅದನ್ನೇ ನೋಡುತ್ತ ನಿಂತಳು. ಯಾರ ಮೇಲೆ ಸಿಟ್ಟಾಗುವುದು? ಸಿಟ್ಟಾಗಲು ಒಬ್ಬರಾದರೂ ಬೇಡವೆ?

ಕಂಬಂಗೆ ಹೋಗಿ ವೇಲುವಿನ ಗುಜರಿ ಅಂಗಡಿ ಹುಡುಕಿದಳು. ಅವನು ಒಳ್ಳೆಯವನೇ; ಕೂರಿಸಿ ಟೀ ತರಿಸಿಕೊಟ್ಟ. ಪೊಂಗಲ್ ಸಮಯದಲ್ಲಿ ಬಂದದ್ದನ್ನೆಲ್ಲ ಒಡೆದು, ತಾಮ್ರ ಬೇರೆ ತಗಡು ಬೇರೆ ಮಾಡಿ ದಿಂಡಿಗಲ್‌ಗೆ ಲಾರಿಗೆ ಹಾಕಿ ಎಷ್ಟೋ ಕಾಲವಾಯಿತು ಎಂದ. ಬೇಕಾದರೆ ನೋಡಿಕೊಳ್ಳಿ ಎಂದು ಹಿತ್ತಲಿನ ರಾಶಿ ತೋರಿಸಿದ. ಅವಳು ಬಿಸಿಲಿನಲ್ಲಿ ಆ ರಾಶಿ ಕೆದಕಿದಳು. ಮಿಕ್ಸಿ, ಟಿವಿ, ಇಸ್ತ್ರಿಪೆಟ್ಟಿಗೆ. ಕಣಿವೆಯ ಅರ್ಧ ಸಂಸಾರವೇ ಅಲ್ಲಿ ಬಿದ್ದಿತ್ತು, ಸಾರ್ ಕಂಪ್ಯೂಟರು ಮಾತ್ರ ಇರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದಳು.

ಉಳಿದದ್ದು ಒಂದೇ ದಾರಿ. ಪೆಟ್ಟಿಗೆ ಹೋದರೆ ಹೋಗಲಿ, ಅದರೊಳಗಿನದು ಸಾರ್ ತಲೆಯಲ್ಲಿ ಇದೆಯಲ್ಲ? ಅವರೇ ಹೇಳಲಿ, ತಾನು ಬರೆಯುತ್ತೇನೆ. ಊತ್ತು ಎಂಬುದು ದೇವಲೋಕದಿಂದ ಇಳಿದದ್ದೇನೂ ಅಲ್ಲ. ಯಾವ ಮಣ್ಣಿಗೆ ಯಾವ ಅಂಕಿ, ಯಾವುದಾದ ಮೇಲೆ ಯಾವುದು, ಅಷ್ಟು ತಿಳಿದರೆ ಮತ್ತೆ ಬರೆಯಬಹುದು. ಆಡಿ ಮುಗಿಯಲು ಇನ್ನೂ ದಿನಗಳಿದ್ದವು. ಅವಳು ಕೊಂಬೈಗೆ ಬಂದು ಮನೆಯಲ್ಲೇ ಉಳಿದುಕೊಂಡಳು. ದಿನಾ ಬೆಳಗ್ಗೆ ಬಸ್ಸು ಹಿಡಿದು ಕಾಮಯಗೌಂಡನ್‌ಪಟ್ಟಿಗೆ ಹೋಗುವುದು, ಮಧ್ಯಾಹ್ನ ಪೊನ್ನುತಾಯಿ ಇಕ್ಕಿದ್ದು ಉಣ್ಣುವುದು, ಬಿಸಿಲು ಇಳಿಯುವವರೆಗೆ ಮಂಚದ ಪಕ್ಕ ಕೂರುವುದು.

ಮೊದಮೊದಲು ಅವಳ ಬಾಯಿ ಏಳಲಿಲ್ಲ. ಕೇಳಬೇಕಾದ ಮಾತಿಗೆ ಪದವೇ ಇಲ್ಲ. ಅಜ್ಜಿಯ ಕನ್ನಡದಲ್ಲಿ ಮಣ್ಣು, ನೀರು, ಏತ, ಹಗ್ಗ, ಸೆಗಣಿ, ಶಾಪ ಎಲ್ಲ ಇದ್ದವು. ಒತ್ತಡಕ್ಕೆ, ವೇಗಕ್ಕೆ, ಇಳಿಜಾರಿನ ಲೆಕ್ಕಕ್ಕೆ ಏನೂ ಇರಲಿಲ್ಲ. "ಸಾರ್, ಕೆಮ್ಮಣ್ಣು... ಅದರೊಳಗೆ ನೀರು... ಸೀಕ್ರಂ... ಬೇಗ ಇಳೀತದಾ?" ಎಂದು ಮೂರು ಕಾಲಿನ ಮಾತು ಆಡುತ್ತಿದ್ದಳು. ಸಾರ್ ನಗುತ್ತಿದ್ದರು. ಬೈಯುತ್ತಿರಲಿಲ್ಲ. ಆಮೇಲೆ ಹೇಳುತ್ತಿದ್ದರು, ನಿಧಾನವಾಗಿ, ಎಡಗೈ ಆಡಿಸುತ್ತ.

"ಕೆಮ್ಮಣ್ಣು ಬಾಯಾರಿದ ಎಮ್ಮೆ ತಾಯಿ. ಕೊಟ್ಟಷ್ಟೂ ಕುಡೀತದೆ. ಅದಕ್ಕೆ ನಾಲ್ಕು. ಕರೀ ಮಣ್ಣು ಬಿಗುಮಾನದ್ದು, ಮೇಲೇ ನಿಲ್ಲಿಸ್ಕೊಂಡು ಯೋಚಿಸ್ತದೆ. ಅದಕ್ಕೆ ಒಂದು ಸಾಕು. ಬೆಟ್ಟದ ಬುಡದಾಗೆ ಕಲ್ಲು. ಅಲ್ಲಿ ಸಂದು ನೋಡ್ಬೇಕು. ಸಂದು ಇದ್ದರೆ ಒಂಬತ್ತು, ಇಲ್ದಿದ್ರೆ ಸೊನ್ನೆ."

ಪಾಂಡೀಶ್ವರಿ ಪುಳಕಗೊಂಡು ಬರೆದುಕೊಂಡಳು. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಓದಿ ತಲೆಗೆ ಇಳಿಯದ್ದು ಈಗ ಎರಡು ಮಾತಿನಲ್ಲಿ ಇಳಿಯಿತಲ್ಲ ಎನಿಸಿತು. ಪ್ರತಿ ಸಲವೂ ಬರೆದುಕೊಂಡದ್ದನ್ನು ತಿರುಗಿ ಓದಿ ಹೇಳುತ್ತಿದ್ದಳು. ಸಾರ್ ಕಣ್ಣು ಮುಚ್ಚಿ ಕೇಳಿ, "ಸರಿ. ಸರ್ಯಾಗದೆ ತಾಯಿ" ಎನ್ನುತ್ತಿದ್ದರು. ಸರಿ! ಲಕ್ಷ್ಮಣನ್ ಸಾರ್ ಬಾಯಿಂದ! ಒಂದೇ ದಿನದಲ್ಲಿ ಅಷ್ಟೊಂದು ಸರಿ ಬಿದ್ದದ್ದಕ್ಕೆ ಇಡೀ ದಿಂಡಿಗಲ್‌ಗೆ ಟೀ ಕೊಡಿಸಬೇಕಿತ್ತು. ಆ ಸಂತೋಷದಲ್ಲಿ ಅವಳ ನಾಲಗೆಯೂ ಸ್ವಲ್ಪ ಸಡಿಲವಾಯಿತು. ಪೊನ್ನುತಾಯಿಯನ್ನು ಅಮ್ಮಾ ಎನ್ನುತ್ತಿದ್ದವಳು, "ಅತ್ತೆ ಅನ್ನು, ನಾವು ಬೇರೆಯಾ?" ಎಂದು ಗದರಿಸಿಕೊಂಡ ಮೇಲೆ ಅತ್ತೆ ಎಂದು ಕರೆಯತೊಡಗಿದಳು. ಸಾರ್ ಬಿಡದೆ ಒಂದು ಪ್ರಶ್ನೆ ಮಾತ್ರ ದಿನಾ ಕೇಳುತ್ತಿದ್ದರು: "ಓಡ್ತಾ ತಾಯಿ?" ಅವಳು, ನಾಳೆ ಓಡುತ್ತದೆ ಸಾರ್ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಕೊಂಬೈಯ ಮನೆಯಲ್ಲಿ, ಹೊಸ ಊತ್ತು ಬರೆದು ಮುಗಿಯಿತು. ಲ್ಯಾಪ್‌ಟಾಪಿನಿಂದಲೇ ಲ್ಯಾಬಿನ ಹೊಸ ಯಂತ್ರಕ್ಕೆ ಕಳಿಸಿ ಎಂಟರ್ ಒತ್ತಿದಳು. ಸಾಲುಗಳು ಸರಸರ ಹೋದವು. ಎಲ್ಲಿ ನಿಲ್ಲುತ್ತಿದ್ದವೋ ಅಲ್ಲಿ ನಿಲ್ಲದೆ ದಾಟಿಹೋದವು. ಪ್ರೋಗ್ರಾಂ ಓಡಿತು. ಅವಳು ಅಟ್ಟ ಹಾರಿಹೋಗುವಂತೆ ಕೂಗಿದಳು. ಅವಳ ಅಮ್ಮ ಒಲೆಯ ಮೇಲಿದ್ದದ್ದನ್ನು ಬಿಟ್ಟು ಓಡಿಬಂದರು.

ಓಡಿದರೆ ಆಯಿತೆ? ಹಳೆಯ ಮಳೆಯ ಅಂಕಿ ಕೊಟ್ಟರೆ ಹಳೆಯ ಫಲಿತಾಂಶವೇ ಬರಬೇಕು. ಅದು ಬಂದರೆ ತಾನೆ ಹೊಸದನ್ನು ನಂಬುವುದು? ಪ್ರಬಂಧದ ಪುಟ ತೆರೆದು ಹೋಲಿಸಿದಳು. ಒಂದೂ ಹೊಂದಲಿಲ್ಲ. ಕೊಂಬೈಯ ಬೆಟ್ಟದ ಬುಡದ ಬಾವಿಯಲ್ಲಿ ನೀರು ಬಾವಿಯ ಬಾಯಿಗಿಂತ ಮೇಲೆ ನಿಂತಿತ್ತು. ಕಾಲುವೆಯ ಪಕ್ಕದ ಬಾವಿಗಳು ಬತ್ತಿಹೋಗಿದ್ದವು. ತನ್ನದೇ ಎಲ್ಲೋ ತಪ್ಪಿರಬೇಕು ಎಂದು ಒಂದೊಂದು ಸಾಲನ್ನೂ ತಿದ್ದಿ ನೋಡಿದಳು. ಎಷ್ಟು ತಿದ್ದಿದರೂ ಬಾವಿ ಉಕ್ಕುವುದು ನಿಲ್ಲಲಿಲ್ಲ. ಯಾವುದೋ ಒಂದು ಅಂಕಿಯನ್ನು ತಪ್ಪಾಗಿ ಕೇಳಿಸಿಕೊಂಡಿದ್ದೇನೆ, ಸಾರ್ ಹತ್ತಿರ ಎಲ್ಲವನ್ನೂ ಮತ್ತೆ ಒಂದೊಂದಾಗಿ ಕೇಳಬೇಕು ಎಂದುಕೊಂಡು ಮರುದಿನ ಹೋದಳು. ಕೊಡಲು ಉಳಿದದ್ದು ಆ ವಾರವೊಂದೇ.

ಮಂಚದ ಪಕ್ಕ ಕೂತು ಮೊದಲಿನಿಂದ ಓದಿದಳು. "ಕೆಮ್ಮಣ್ಣಿಗೆ ನಾಲ್ಕು, ಸಾರ್?"

"ಸರಿ."

"ಕರೀ ಮಣ್ಣಿಗೆ ಒಂದು?"

"ಸರ್ಯಾಗದೆ."

ಅವಸರದಲ್ಲಿ ಕಣ್ಣು ಒಂದು ಸಾಲು ಜಾರಿತು. "ಕರೀ ಮಣ್ಣಿಗೆ ಒಂಬತ್ತು" ಎಂದುಬಿಟ್ಟಳು. ಥೂ, ಈಗ ಬೈಸಿಕೊಂಡೆ ಎಂದು ತುಟಿ ಕಚ್ಚಿಕೊಂಡಳು.

"ಸರಿ. ಸರ್ಯಾಗದೆ ತಾಯಿ" ಎಂದರು ಸಾರ್.

ಪಾಂಡೀಶ್ವರಿ ತಟ್ಟನೆ ತಲೆಯೆತ್ತಿದಳು. ಅವರ ಮುಖವನ್ನು ನೋಡಿದಳು. ಅದೇ ನಗು, ಅದೇ ತಿಳಿಯಾದ ಕಣ್ಣು. ಇರಲಾರದು, ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಹಾಗೆಂದುಕೊಂಡರೂ ಮನಸ್ಸು ಒಪ್ಪಲಿಲ್ಲ. ಕೇಳಬಾರದು, ಕೇಳಬಾರದು ಎಂದು ಒಳಗೊಬ್ಬಳು ಕೈ ಹಿಡಿದು ಎಳೆಯುತ್ತಿದ್ದಳು. ಆದರೂ ಕೇಳಿದಳು. ಪ್ರತಿ ಮಾತನ್ನೂ ಬಿಡಿಸಿ, ಅಜ್ಜಿಯ ಹಾಗೆ ಸ್ಪಷ್ಟವಾಗಿ ಕೇಳಿದಳು.

"ಸಾರ್, ನೀರು ಕೆಳಗಿಂದ ಬೆಟ್ಟದ ಮ್ಯಾಲಕ್ಕೆ ಹರೀತದೆ. ಅಲ್ಲವಾ ಸಾರ್?"

ನೀರಿನ ಜಾಡು ಹಿಡಿದು ಆಯುಷ್ಯ ಕಳೆದ ಲಕ್ಷ್ಮಣನ್ ಸಾರ್ ಕಣ್ಣು ಮುಚ್ಚಿ, ಆಲಿಸಿ, ತಲೆದೂಗಿದರು. "ಸರಿ" ಎಂದರು. "ಅಷ್ಟೇ ತಾಯಿ. ಸರ್ಯಾಗದೆ."

ಎದ್ದು ಅಡಿಗೆಮನೆಗೆ ಹೋದಳು. ಕಂಬಕ್ಕೆ ಒರಗಿ ನಿಂತಳು. ಪೊನ್ನುತಾಯಿ ಒಲೆಯ ಮೇಲೆ ನೀರು ಕಾಯಿಸುತ್ತಿದ್ದರು. ಅವಳ ಮುಖ ನೋಡಿ ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟರು.

"ನಿನಗೂ ಪುರೀತಾ?" ಎಂದರು.

ಪಾಂಡೀಶ್ವರಿ ಅವರನ್ನೇ ದಿಟ್ಟಿಸಿದಳು. "ಅತ್ತೆ, ನಿಮಗೆ ಗೊತ್ತಿತ್ತಾ?"

"ಪೊಂಗಲ್ ಆದ ಮೇಲೆ, ಮಾಸಿ ತಿಂಗಳಲ್ಲೇ ಗೊತ್ತಾಯ್ತು. ಬೇಳೆಸಾರಿಗೆ ಉಪ್ಪು ಹಾಕೋದ ಮರೆತಿದ್ದೆ. ಮೊದಲಾಗಿದ್ರೆ ತಟ್ಟೆ ಬೀದೀಲಿ ಇರ್ತಿತ್ತು. ಹೆಂಗದೆ ಅಂದೆ, ಸರ್ಯಾಗದೆ ಅಂದ್ರು. ಮರುದಿನ ಬೇಕಂತ್ಲೇ ಉಪ್ಪಿಲ್ದೆ ಇಕ್ಕಿದೆ. ಸರ್ಯಾಗದೆ. ಆಮೇಲೆ ಒಂದಿನ ಬರೀ ಬಿಸಿನೀರು ಇಕ್ಕಿದೆ ತಾಯಿ, ಪಾಪಿ ನಾನು. ಸರ್ಯಾಗದೆ ಅಂದು ಕುಡಿದ್ರು."

"ಮತ್ತೆ ನನಗೆ ಯಾಕೆ ಅತ್ತೆ ಹೇಳಲಿಲ್ಲ? ನನ್ನ ಡಿಗ್ರಿ..." ಎಂದಳು.

"ಹೇಳ್ಬೇಕಿತ್ತು" ಎಂದರು ಪೊನ್ನುತಾಯಿ. "ನೀನು ಬಂದು ಕುಂತಾಗ ಅವರು ನೆಟ್ಟಗಾಗ್ತಿದ್ರು. ದಿಂಬು ಸರಿ ಮಾಡು ಅಂತ ಕೈ ಆಡಿಸ್ತಿದ್ರು. ಅಲ್ಲಿ ಮಣ್ಣಿನ ಮಾತು, ನೀರಿನ ಮಾತು. ಸೋರೋ ಮನೇಲಿ ಒಂದು ಮೂಲೆ ಒಣಗಿರೋ ಹಂಗೆ ಅದೊಂದು ಇನ್ನೂ ನೆಟ್ಟಗದೆ ಅಂತ ನಂಬಿಕೊಂಡಿದ್ದೆ. ಉಪ್ಪು ಮರೆತಿರಬಹುದು, ನೀರು ಮರೀತಾರಾ ಅಂತ ಇದ್ದೆ."

ಪೊನ್ನುತಾಯಿ ಅಳಲಿಲ್ಲ. ಅತ್ತದ್ದು ಪಾಂಡೀಶ್ವರಿ. ಆರು ವರ್ಷಕ್ಕೆ ಅತ್ತಳು, ಹೊಡೆದುಹಾಕಲಿರುವ ಹೆಸರಿಗೆ ಅತ್ತಳು. ಎಲ್ಲಕ್ಕಿಂತ ಹೆಚ್ಚು ಆ ನಾಲ್ಕು, ಒಂದು, ಒಂಬತ್ತಿಗೆ ಅತ್ತಳು. ಅವುಗಳಲ್ಲಿ ಕೆಲವು ನಿಜವೇ ಇರಬಹುದು. ಕಪ್ಪು ಪೆಟ್ಟಿಗೆ ಅಟ್ಟದ ಮೇಲಿದೆ ಎಂದು ಅವರು ಹೇಳಿದ್ದು ನಿಜವೇ ಆಗಿತ್ತಲ್ಲ. ಯಾವುದು ನಿಜ, ಯಾವುದು ಅಲ್ಲ ಎಂದು ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ, ಅವರು ಎಲ್ಲಕ್ಕೂ ಸರಿ ಎನ್ನುತ್ತಿದ್ದರು. ಯಾವುದೋ ನಾಲ್ಕು ಅಂಕಿ ಹೊಂದಿಸಿ, ಫಲಿತಾಂಶ ಹಳೆಯದರ ಹಾಗೆ ಕಾಣುವಂತೆ ಮಾಡಿ ಕೊಟ್ಟುಬಿಡಬಹುದಿತ್ತು. ಪರೀಕ್ಷಕರಿಗೆ ಗೊತ್ತೂ ಆಗುತ್ತಿರಲಿಲ್ಲ. ಆ ಯೋಚನೆ ಬಂದೊಡನೆ ಬೇವಿನ ಮರದಡಿಗೆ ಹಾರಿಬೀಳುವ ಕಾಗದ ಕಣ್ಣ ಮುಂದೆ ಬಂತು. ಆಗದು ಎಂದು ಅವಳಿಗೇ ತಿಳಿದಿತ್ತು.

ನೀರು ಕಾದಿತ್ತು. ಪೊನ್ನುತಾಯಿ ನೀಲಿ ಬೇಸಿನ್ನಿಗೆ ಬಗ್ಗಿಸಿ, ತಣ್ಣೀರು ಬೆರೆಸಿ, ಎತ್ತಿಕೊಳ್ಳಲು ಬಗ್ಗಿದರು. ಪಾಂಡೀಶ್ವರಿ ಕಣ್ಣು ಒರೆಸಿಕೊಂಡು, "ಕೊಡಿ ಅತ್ತೆ" ಎಂದು ತಾನೇ ಎತ್ತಿಕೊಂಡಳು. ಇಷ್ಟು ದಿನ ಆ ಬೇಸಿನ್ನಿನ ಕಡೆ ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಂಚದ ಕೆಳಗೆ ಇಟ್ಟು, ಸಾರ್ ಕಾಲನ್ನು ಮೆಲ್ಲಗೆ ಇಳಿಸಿ ನೀರಿನಲ್ಲಿಟ್ಟಳು.

ಸಾರ್ ಅವಳನ್ನು ನೋಡಿ ನಕ್ಕರು. ದಿನಾ ಕೇಳುವುದನ್ನೇ ಕೇಳಿದರು. "ಓಡ್ತಾ ತಾಯಿ?"

ನಾಳೆ ಓಡುತ್ತದೆ ಎನ್ನಲು ಅವಳು ಬಾಯಿ ತೆರೆದಳು. ಆಗಲಿಲ್ಲ. ಈ ಮನುಷ್ಯನ ಎದುರು ಆರು ವರ್ಷದಲ್ಲಿ ಒಂದು ಸುಳ್ಳು ಅಂಕಿಯನ್ನೂ ಇಟ್ಟವಳಲ್ಲ.

"ಇಲ್ಲ ಸಾರ್" ಎಂದಳು. ಅವಳಿಗೆ ಗೊತ್ತಿಲ್ಲದೆ ಮಾತು ತಡವರಿಸದೆ ಬಂತು. "ಓಡಲಿಲ್ಲ. ಇನ್ನ ಓಡಾದೂ ಇಲ್ಲ. ಊಟೆ ಸಿಗಲಿಲ್ಲ ಸಾರ್. ಕರೀ ಪೆಟ್ಟಿ ಇಲ್ಲ. ಪೊಂಗಲ್‌ಗೆ ಹಳೇ ಕಬ್ಬಿಣಕ್ಕೆ ಹೋಯ್ತು. ಅದನ್ನ ಒಡೆದುಬಿಟ್ಟರು ಸಾರ್."

ಬಾಗಿಲಲ್ಲಿ ನಿಂತಿದ್ದ ಪೊನ್ನುತಾಯಿಯ ಕೈಯಿಂದ ಟವೆಲು ಜಾರಿತು. ಇಷ್ಟು ದಿನ ಹೆದರಿ ಬಚ್ಚಿಟ್ಟದ್ದು ಕೊನೆಗೂ ಬಾಯಿಂದ ಬಂದಿತ್ತು. ಅವರು ಗಂಡನ ಮುಖವನ್ನೇ ನೋಡುತ್ತ ನಿಂತರು. ಬೈಗುಳ ಬೀಳಲಿ ಎಂದು ಕಾಯುತ್ತಿದ್ದರು, ಬೇಡಿಕೊಳ್ಳುವವರ ಹಾಗೆ.

ಲಕ್ಷ್ಮಣನ್ ಸಾರ್ ಎಡಗೈ ಚಾಚಿ ಪಾಂಡೀಶ್ವರಿಯ ತಲೆಯ ಮೇಲೆ ಇಟ್ಟರು.

"ಸರಿ" ಎಂದರು. "ಸರ್ಯಾಗದೆ ತಾಯಿ."

ಪೊನ್ನುತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಪಾಂಡೀಶ್ವರಿ ಸಾರ್ ಕೈಯ ಭಾರವನ್ನು ಹಾಗೆಯೇ ತಲೆಯ ಮೇಲೆ ಹೊತ್ತು, ಬಗ್ಗಿ, ಅವರ ಕಾಲು ತೊಳೆದಳು.